ಖಾಲಿ ಜಾಗನ ನಾಯಿಗಳ ಓಟಕ್ಕೆ ಬಿಡೋದು ಹೇಗೆ: ಬೇಲಿಯಿಂದ ಬುಕಿಂಗ್‌ವರೆಗೆ

ಮನೆ ಹಿಂದೆ ಒಂದಿಷ್ಟು ಹಿತ್ತಲಿದೆ, ಇಲ್ಲಾ ಎಲ್ಲೋ ಒಂದು ತುಂಡು ಜಮೀನು ಸುಮ್ನೆ ಬಿದ್ದಿದೆ, ಅದನ್ನ ಗಂಟೆ ಲೆಕ್ಕದಲ್ಲಿ ನಾಯಿ ಸಾಕಿರೋರಿಗೆ ಕೊಟ್ರೆ ಹೇಗೆ, ಲೀಶ್ ಬಿಚ್ಚಿ ಓಡಾಡ್ಸ್ಕೊಂಡು ಹೋಗ್ಲಿ ಅನ್ನೋ ಯೋಚನೆ ಬಂದಿರೋರಿಗೆ ಇದನ್ನ ಬರೀತಿದೀನಿ. ಬ್ರಿಟನ್ನಲ್ಲಿ ಎಷ್ಟೋ ರೈತರು ಹೊಲದ ಒಂದು ಭಾಗಕ್ಕೆ ಎತ್ತರದ ಬೇಲಿ ಹಾಕಿ ಇದನ್ನೇ ಮಾಡ್ತಿದಾರೆ, ಅಮೆರಿಕದಲ್ಲಿ ಸ್ನಿಫ್‌ಸ್ಪಾಟ್ ಅನ್ನೋ ಆಪ್ ಇದಕ್ಕೇ ಅಂತ ಇದೆ, ಹಿತ್ತಲು ಇರೋರು ಅದರಲ್ಲಿ ಜಾಗ ಹಾಕ್ತಾರೆ, ನಾಯಿ ಇರೋರು ಬುಕ್ ಮಾಡ್ಕೊಂಡು ಬರ್ತಾರೆ. ಆಪ್ ಇಲ್ಲದೇನೂ ನಡೆಸಬಹುದು, ಒಂದು ಫೋನು, ಒಂದು ಕ್ಯಾಲೆಂಡರು ಇದ್ರೆ ಶುರು ಮಾಡೋಕೆ ಸಾಕು.

ಈ ಜಾಗ ಯಾರಿಗೆ ಬೇಕಾಗತ್ತೆ ಅನ್ನೋದು ಮೊದಲು ತಲೇಲಿ ಕೂರಬೇಕು, ಮುಂದೆ ತಗೊಳ್ಳೋ ಪ್ರತಿ ನಿರ್ಧಾರನೂ ಅದರ ಮೇಲೇ ನಿಂತಿರತ್ತೆ. ಎಲ್ಲರ ಜೊತೆ ಆರಾಮಾಗಿ ಬೆರೆಯೋ ನಾಯಿಗೆ ಸಾರ್ವಜನಿಕ ಡಾಗ್ ಪಾರ್ಕ್ ಸಾಕಾಗತ್ತೆ. ನಿಮ್ಮ ಹತ್ರ ಬರೋದು ಬಹುಪಾಲು ಬೇರೆ ತರದ ನಾಯಿಗಳು. ಇನ್ನೊಂದು ನಾಯಿ ಕಂಡ್ರೆ ಬೊಗಳಿ ಮೇಲೆ ಎಗರೋದು, ಎಲ್ಲೋ ಏಟು ತಿಂದು ಈಗ ಹೊಸ ಮನೆ ಸೇರಿದ್ರೂ ಜನ ಕಂಡ್ರೆ ನಡುಗೋದು, ಕಿವಿ ಕೇಳಿಸದೇ ಇರೋದು, ಕಣ್ಣು ಮಂಜಾಗಿರೋ ಮುದಿ ನಾಯಿ, ವಾಸನೆ ಸಿಕ್ಕಿಬಿಟ್ರೆ ಎಷ್ಟು ಕೂಗಿದ್ರೂ ತಿರುಗಿ ನೋಡದ ಬೀಗಲ್ ತರದ್ದು. ಇವುಗಳನ್ನ ಸಾಕಿರೋರು ವರ್ಷಗಟ್ಟಲೆ ಕತ್ತಲಲ್ಲೇ ಎದ್ದು, ಯಾರೂ ಓಡಾಡದ ಬೀದಿ ಹುಡುಕಿ, ಲೀಶ್‌ನ ಕೈಗೆ ಎರಡು ಸುತ್ತು ಸುತ್ಕೊಂಡು ವಾಕಿಂಗ್ ಮಾಡಿಸ್ತಿರ್ತಾರೆ. ಅವರಿಗೆ ನಿಮ್ಮಿಂದ ಬೇಕಿರೋದು ಎರಡೇ ಮಾತು. ಈ ಒಂದು ಗಂಟೆ ಇಲ್ಲಿಗೆ ಬೇರೆ ನಾಯಿ ಬರಲ್ಲ, ನಿಮ್ಮ ನಾಯಿ ಇಲ್ಲಿಂದ ಆಚೆ ಹೋಗಲ್ಲ. ಈ ಎರಡು ಮಾತು ಉಳಿಸ್ಕೊಳ್ಳೋಕೆ ನಿಮ್ಮ ಜಾಗದಲ್ಲಿ ಆಗತ್ತಾ ನೋಡಿ, ಆಗತ್ತೆ ಅಂದ್ರೆ ಮಾತ್ರ ಮುಂದಕ್ಕೆ ಹೋಗಿ. ಸುರಂಗ, ಹಾರೋ ಅಡ್ಡಪಟ್ಟಿ, ನೀರಿನ ತೊಟ್ಟಿ ಎಲ್ಲಾ ಆಮೇಲಿನ ಮಾತು.

ಶುರು ಮಾಡೋಕ್ ಮುಂಚೆ ಕೇಳಬೇಕಾದೋರು

ಜಾಗ ನಿಮ್ಮದೇ ಇರಬಹುದು, ಆದ್ರೆ ದುಡ್ಡು ತಗೊಂಡು ಹೊರಗಿನೋರನ್ನ ಒಳಗೆ ಬಿಟ್ಟ ತಕ್ಷಣ ಎಷ್ಟೋ ಕಡೆ ಅದು ವ್ಯಾಪಾರ ಅಂತ ಲೆಕ್ಕ ಆಗತ್ತೆ. ಕೃಷಿ ಜಮೀನಾದ್ರೆ ಬಳಕೆ ಬದಲಾವಣೆಗೆ ಅನುಮತಿ ಬೇಕಾಗಬಹುದು, ಬ್ರಿಟನ್ನಲ್ಲಿ ಸಾಮಾನ್ಯವಾಗಿ ಬೇಕೇ ಬೇಕು. ಹಾಗಾಗಿ ನಿಮ್ಮ ಸ್ಥಳೀಯ ಆಡಳಿತದ ಕಚೇರಿಲಿ ಮೊದಲೇ ವಿಚಾರಿಸಿ, ಬೇಲಿಯ ಎತ್ತರಕ್ಕೂ ಮಿತಿ ಇರಬಹುದು, ಅದನ್ನೂ ಅಲ್ಲೇ ಕೇಳ್ಕೊಂಡ್ಬಿಡಿ. ಬಾಡಿಗೆ ಜಾಗ ಆದ್ರೆ ಓನರ್ ಒಪ್ಪಿಗೆ ಬರಹದಲ್ಲಿ ತಗೊಳ್ಳಿ, ಲೇಔಟ್ ಅಸೋಸಿಯೇಶನ್ ಇದ್ರೆ ಅವರದ್ದೂನು.

ಇನ್ಶೂರೆನ್ಸ್ ವಿಷಯದಲ್ಲಿ ತುಂಬ ಜನ ಮೋಸ ಹೋಗ್ತಾರೆ, ಮನೆಗೆ ಪಾಲಿಸಿ ಇದೆಯಲ್ಲ ಅಂದ್ಕೊಂಡು ಸುಮ್ನಿರ್ತಾರೆ, ಆದ್ರೆ ಮಾಮೂಲಿ ಮನೆ ಪಾಲಿಸಿಗಳಲ್ಲಿ ದುಡ್ಡಿಗೆ ನಡೆಸೋ ಚಟುವಟಿಕೆಗೆ ಕವರ್ ಇರೋದು ಅಪರೂಪ. ಏಜೆಂಟ್ ಫೋನಲ್ಲಿ ‘ಆಗತ್ತೆ ಬಿಡಿ’ ಅಂದ್ರೆ ಸಾಲದು, ಲಿಖಿತವಾಗಿ ಕೇಳಿ: ಜಾಗಕ್ಕೆ ಬಂದೋರು ಬಿದ್ದು ಕೈಕಾಲು ಮುರ್ಕೊಂಡ್ರೆ, ಒಂದು ನಾಯಿ ಇನ್ನೊಬ್ಬರನ್ನ ಕಚ್ಚಿದ್ರೆ, ತಪ್ಪಿಸ್ಕೊಂಡ ನಾಯಿ ರೋಡಲ್ಲಿ ಗಾಡಿಗೆ ಅಡ್ಡ ಬಂದು ಅಪಘಾತ ಆದ್ರೆ, ಮೂರಕ್ಕೂ ಯಾರು ಹೊಣೆ. ಬರೋರ ಹತ್ರ ಒಂದು ಒಪ್ಪಿಗೆ ಪತ್ರಕ್ಕೆ ಸೈನ್ ಹಾಕಿಸ್ಕೊಳ್ಳೋದು ಒಳ್ಳೇದೇ, ಆದ್ರೆ ನಿಮ್ಮ ಬೇಲಿಲಿ ತೂತಿದ್ದು ನಿಮಗೆ ಗೊತ್ತಿದ್ದೂ ಬಿಟ್ಟಿದ್ರೆ ಆ ಪತ್ರ ನಿಮ್ಮನ್ನ ಕಾಪಾಡತ್ತೆ ಅಂತ ನಂಬ್ಕೋಬೇಡಿ. ಬರೋ ದುಡ್ಡಿಗೆ ತೆರಿಗೆ ಲೆಕ್ಕನೂ ಇರತ್ತೆ, ಮೊದಲ ದಿನದಿಂದ್ಲೇ ಬರೆದಿಡಿ.

ಬೇಲಿ

ಇದರ ಮೇಲೆ ನಾನು ಜಾಸ್ತಿ ಹೊತ್ತು ನಿಲ್ತೀನಿ, ಯಾಕಂದ್ರೆ ದುಡ್ಡು ಹಾಕೋದಿದ್ರೆ ಎಲ್ಲಾ ಇಲ್ಲೇ ಹಾಕಿ ಅಂತ ನನ್ನ ಗಟ್ಟಿ ಅಭಿಪ್ರಾಯ. ಸಣ್ಣ ನಾಯಿಗಳಿಗೆ ಮಾತ್ರ ಜಾಗ ಕೊಡೋದಾದ್ರೆ 4 ಅಡಿ ಸಾಕಾಗಬಹುದು, ಎಲ್ಲಾ ಸೈಜಿನವೂ ಬರ್ಲಿ ಅಂದ್ರೆ 6 ಅಡಿ ಬೇಕು. ಜರ್ಮನ್ ಶೆಫರ್ಡ್, ಹಸ್ಕಿ, ಮ್ಯಾಲಿನ್ವಾ ತರದವಕ್ಕೆ 4 ಅಡಿ ಅನ್ನೋದು ಲೆಕ್ಕಕ್ಕೇ ಇಲ್ಲ. ಇನ್ನು ಎತ್ತರ 6 ಅಡಿ ಇದ್ದು ಬೇಲಿ ಪಕ್ಕದಲ್ಲೇ ಒಂದು ಬೆಂಚು, ಸೌದೆ ರಾಶಿ, ಮಣ್ಣಿನ ದಿಬ್ಬ ಇದ್ರೆ ಬೇಲಿ ಎತ್ತರ ಅಷ್ಟು ಕಮ್ಮಿ ಆದಂಗೇ, ನಾಯಿ ಅದರ ಮೇಲೆ ಕಾಲಿಟ್ಟು ಆಚೆ ಹಾರತ್ತೆ. ಹತ್ತೋಕೆ ಸಿಗೋ ಅಂಥದ್ದೇನಿದ್ರೂ ಬೇಲಿಯಿಂದ ದೂರ ಎಳೆದು ಹಾಕಿ.

ಮುಳ್ಳುತಂತಿ ಬೇಡವೇ ಬೇಡ. ದನ ಮುಳ್ಳು ನೋಡಿ ನಿಲ್ಲತ್ತೆ, ಜೋರಾಗಿ ಓಡ್ಬರೋ ನಾಯಿ ನಿಲ್ಲಲ್ಲ, ಚರ್ಮ ಸಿಗೀತು ಅಂದ್ರೆ ಸೀದಾ ಹೊಲಿಗೆ. ನೆಲದಡಿ ವಯರ್ ಹಾಕಿ ಕೊರಳಪಟ್ಟಿಗೆ ಶಾಕ್ ಕೊಡೋ ಕಾಣದ ಬೇಲಿ ಅಂತ ಇದೆಯಲ್ಲ, ಅದೂ ಈ ಕೆಲಸಕ್ಕೆ ಬರಲ್ಲ, ಬರೋ ನಾಯಿಗಳ ಕೊರಳಲ್ಲಿ ಆ ಪಟ್ಟಿ ಇರಲ್ಲ, ಹೊರಗಿಂದ ಬೀದಿ ನಾಯಿ ಒಳಗೆ ನುಗ್ಗೋದನ್ನೂ ಅದು ತಡೆಯಲ್ಲ. ಚೈನ್ ಲಿಂಕ್ ಜಾಲರಿ, ವೆಲ್ಡೆಡ್ ಮೆಶ್, ಗೋಡೆ, ಮರದ ಹಲಗೆ, ಇವುಗಳಲ್ಲಿ ಯಾವುದಾದ್ರೂ ಆಗತ್ತೆ. ಜಾಲರಿ ಕಣ್ಣು 2 ಇಂಚಿಗಿಂತ ದೊಡ್ಡದಿರೋದು ಬೇಡ, ಮರಿ ನಾಯಿ ತಲೆ ತೂರಿಸಿ ಸಿಕ್ಕಾಕ್ಕೊಳ್ಳತ್ತೆ. ಜಾಲರಿ ಆಚೆ ರೋಡೋ ಪಕ್ಕದ ಮನೆ ನಾಯಿನೋ ಕಾಣ್ತಿದ್ರೆ ಆ ಭಾಗಕ್ಕೆ ಹಸಿರು ನೆಟ್ ಕಟ್ಟಿ ಮುಚ್ಚಿ, ಕಾಣಿಸದೇ ಹೋದ್ರೆ ಬೇಲಿಯುದ್ದಕ್ಕೂ ಬೊಗಳ್ತಾ ಓಡೋದು ಗಣನೀಯವಾಗಿ ಕಮ್ಮಿ ಆಗತ್ತೆ.

ಕೆಳಗಡೆ ನೋಡೋದನ್ನ ಜನ ಮರೀತಾರೆ. ತೋಡೋ ನಾಯಿಗೆ ಎತ್ತರದ ಚಿಂತೆನೇ ಇಲ್ಲ, ಟೆರಿಯರ್, ಡ್ಯಾಶ್‌ಹಂಡ್ ಇವೆಲ್ಲಾ ಬಿಲ ತೋಡೋಕೆ ಅಂತಾನೇ ಬೆಳೆಸಿದ ತಳಿಗಳು. ಜಾಲರಿನ ಒಂದಡಿ ಮಣ್ಣೊಳಗೆ ಹೂಳಿ, ಅಥವಾ ಬೇಲಿ ಬುಡದಿಂದ ಒಳಗಡೆಗೆ ಎರಡಡಿ ಅಗಲಕ್ಕೆ ಜಾಲರಿನ ನೆಲದ ಮೇಲೆ ಮಲಗಿಸಿ ಗೂಟ ಹೊಡೀರಿ, ಹುಲ್ಲು ಅದರೊಳಗಿಂದ ಬೆಳೆದು ಮುಚ್ಕೊಳ್ಳತ್ತೆ, ನಾಯಿ ಬೇಲಿ ಬುಡದಲ್ಲಿ ಕೆರೆದ್ರೆ ಉಗುರಿಗೆ ಜಾಲರಿ ಸಿಗತ್ತೆ, ಬಿಟ್ಬಿಡತ್ತೆ. ಮಳೆ ನೀರು ಹರಿದು ಹೋಗೋ ಕಡೆ ಬೇಲಿ ಕೆಳಗೆ ಮಣ್ಣು ಕೊಚ್ಕೊಂಡು ಹೋಗಿ ಸಂದಿ ಆಗತ್ತೆ, ದೊಡ್ಡ ಮಳೆ ಬಂದ ಮೇಲೆಲ್ಲಾ ಅಲ್ಲಿ ಹೋಗಿ ನೋಡ್ಲೇಬೇಕು. ನೋಡೋವಾಗ ನಿಂತು ನೋಡಬೇಡಿ, ಕೂತು, ನಾಯಿ ಕಣ್ಣಿನ ಎತ್ತರದಿಂದ ಇಡೀ ಬೇಲಿ ಸುತ್ತ ಬನ್ನಿ, ಚೂಪಾಗಿ ಈಚೆ ಬಂದಿರೋ ತಂತಿ ತುದಿಗಳು, ಸಡಿಲ ಆದ ಹಲಗೆ ಎಲ್ಲಾ ಆಗ ಕಾಣತ್ತೆ.

ಗೇಟು ಎರಡಿರಬೇಕು. ಮೊದಲ ಗೇಟ್ ತೆಗೆದು ಒಳಗೆ ಬಂದು ಅದನ್ನ ಮುಚ್ಚಿ, ಆಮೇಲೆ ಎರಡನೇ ಗೇಟ್ ತೆಗೆಯೋ ಹಾಗೆ ನಡುವೆ ಒಂದು ಸಣ್ಣ ಜಾಗ, ಒಬ್ಬ ಮನುಷ್ಯ ಎರಡು ನಾಯಿ ಹಿಡ್ಕೊಂಡು ಆರಾಮಾಗಿ ನಿಲ್ಲೋವಷ್ಟು. ಎಷ್ಟೇ ಒಳ್ಳೆ ಬೇಲಿ ಇದ್ರೂ ತಪ್ಪಿಸ್ಕೊಳ್ಳೋ ದಾರಿ ಗೇಟೇ ಆಗಿರತ್ತೆ. ಗೇಟು ಒಳಗಡೆಗೆ ತೆರ್ಕೊಳ್ಳೋ ಹಾಗಿದ್ರೆ ನಾಯಿ ಒಳಗಿಂದ ತಳ್ಳಿದಷ್ಟೂ ಅದು ಮುಚ್ಕೊಳ್ಳತ್ತೆ. ಚಿಲಕನ ಮೂಗಲ್ಲಿ ಎತ್ತಿ ತೆಗೆಯೋ ನಾಯಿಗಳೂ ಇರ್ತವೆ, ಅದಕ್ಕೊಂದು ಕೊಕ್ಕೆ ಇಲ್ಲಾ ನಂಬರ್ ಲಾಕ್ ಹಾಕಿ.

ಒಳಗೆ ಏನಿರಬಾರದು

ನಾಯಿ ಮೂಗಲ್ಲಿ ವಾಸನೆ ಹಿಡಿಯೋ ಗ್ರಾಹಕಗಳು ತಳಿ ಮೇಲೆ 30 ಕೋಟಿವರೆಗೂ ಇರತ್ತೆ ಅಂತಾರೆ, ನಮಗಿರೋದು ಸುಮಾರು 60 ಲಕ್ಷ. ಅಂದ್ರೆ ಲೀಶ್ ಬಿಚ್ಚಿದ ಮೇಲೆ ಅದು ಮೊದಲು ಓಡೋದಕ್ಕಿಂತ ಮೂಸೋದೇ ಜಾಸ್ತಿ, ನೀವು ಎಂದೋ ಮರೆತು ಬಿಟ್ಟಿದ್ದ ವಸ್ತುನ ಐದು ನಿಮಿಷದಲ್ಲಿ ಹುಡುಕಿ ಬಾಯಿಗೆ ಹಾಕತ್ತೆ. ಕಣಗಿಲೆ ಗಿಡದ ಎಲೆ, ಹೂವು, ಕಾಂಡ ಎಲ್ಲಾ ಹೃದಯಕ್ಕೆ ವಿಷ, ಹಳದಿ ಕಣಗಿಲೆನೂ ಅಷ್ಟೇ. ಅಲಂಕಾರಕ್ಕೆ ಇಡೋ, ಪುಟ್ಟ ತಾಳೆ ಮರದ ಥರ ಕಾಣೋ ಸೈಕಸ್ ಗಿಡ ಅಂತೂ ಬೀಜ ಒಂದೆರಡು ತಿಂದ್ರೂ ಲಿವರ್ ಹೋಗತ್ತೆ. ದತ್ತೂರ, ಹರಳು ಗಿಡ, ಇವೆಲ್ಲಾ ಬೇರು ಸಮೇತ ಕೀಳಿ. ಗೊಬ್ಬರದಲ್ಲಿ ಹುಷಾರಾಗಿರಬೇಕಾದ್ದು ಹರಳು ಹಿಂಡಿ, ಅದರಲ್ಲಿ ರೈಸಿನ್ ಅನ್ನೋ ವಿಷ ಉಳಿದಿರಬಹುದು, ಮೂಳೆ ಪುಡಿ ಜೊತೆ ಬೆರೆಸಿದ್ರೆ ನಾಯಿಗೆ ಅದು ತಿಂಡಿ ಥರಾನೇ ವಾಸನೆ ಬರತ್ತೆ, ನಾಯಿ ಜೀವ ಹೋಗೋ ಅಂಥ ಅಪಾಯ ಇದು. ಇಲಿ ಪಾಷಾಣ, ಬಸವನಹುಳಕ್ಕೆ ಹಾಕೋ ಗುಳಿಗೆ, ಕಳೆನಾಶಕ, ಇವು ಈ ಜಾಗದಲ್ಲಿ ಬೇಡ. ಇಲಿ ಪಾಷಾಣದಲ್ಲಿ ರಕ್ತ ಹೆಪ್ಪುಗಟ್ಟದ ಹಾಗೆ ಮಾಡೋ ನಮೂನೆದು ತಿಂದ ನಾಯಿ ಎರಡು ಮೂರು ದಿನ ಚೆನ್ನಾಗೇ ಇದ್ದು ಆಮೇಲೆ ರಕ್ತಸ್ರಾವ ಶುರುವಾಗತ್ತೆ, ಅಷ್ಟರಲ್ಲಿ ಅದು ಎಲ್ಲಿ ತಿಂತು ಅಂತಾನೇ ಯಾರಿಗೂ ಗೊತ್ತಾಗಿರಲ್ಲ. ಕಾಂಪೋಸ್ಟ್ ಗುಂಡಿಗೆ ಮುಚ್ಚಳ ಬೇಕು, ಬೂಸಲು ಹಿಡಿದ ಪದಾರ್ಥ ತಿಂದ್ರೆ ನಡುಕ, ಫಿಟ್ಸ್ ಬರೋದಿದೆ. ನೆಲಕ್ಕೆ ಮುಚ್ಚಿಗೆ ಹಾಕ್ತೀರಿ ಅಂದ್ರೆ ಕೋಕೋ ಸಿಪ್ಪೆದು ಬೇಡ, ಚಾಕೊಲೇಟಲ್ಲಿರೋ, ನಾಯಿಗೆ ವಿಷ ಆಗೋ ಥಿಯೋಬ್ರೊಮಿನ್ನೇ ಅದರಲ್ಲೂ ಇರತ್ತೆ, ಬರೀ ಮರದ ಚಕ್ಕೆ ಹಾಕಿ.

ಹುಲ್ಲು ಗಿಡ್ಡ ಇರಲಿ. ರಕ್ತ ಹೀರೋ ಉಣ್ಣೆ ಹುಳ ಕಮ್ಮಿ ಆಗತ್ತೆ, ಹಾವು ಬಂದ್ರೆ ಕಾಣತ್ತೆ. ಒಣಗಿದ ತೆನೆಲಿ ಮುಳ್ಳಿರೋ ಹುಲ್ಲು ಕಿವಿಗೆ, ಮೂಗಿಗೆ, ಕಾಲ್ಬೆರಳ ಸಂದಿಗೆ ಹೊಕ್ಕಿದ್ರೆ ಹಿಂದಕ್ಕೆ ಬರಲ್ಲ, ಒಳಗೇ ಮುಂದೆ ಮುಂದೆ ಹೋಗ್ತಾ ಇರತ್ತೆ, ಅದಕ್ಕೆ ತೆನೆ ಬಿಡೋಕ್ ಮುಂಚೆನೇ ಕತ್ತರಿಸಿ.

ನೀರು, ನೆರಳು, ಬಿಸಿಲು

ನಲ್ಲಿ ಒಂದಿದ್ರೆ ಸಾಕು, ಬೋಗುಣಿ ಅವರವರೇ ತರಲಿ, ಒಂದೇ ಪಾತ್ರೆಲಿ ಎಲ್ಲಾ ನಾಯಿಗೂ ನೀರಿಡಬೇಡಿ. ನಿಂತ ನೀರು ಎಲ್ಲಿದ್ರೂ ಚೆಲ್ಲಿ, ಇಲಿ ಉಚ್ಚೆ ಬೆರೆತ ನೀರಿಂದ ಲೆಪ್ಟೊಸ್ಪೈರೋಸಿಸ್ ಬರತ್ತೆ, ಅದು ಮನುಷ್ಯರಿಗೂ ಅಂಟೋ ಕಾಯಿಲೆ. ಕೆರೆ ಹೊಂಡ ಇದ್ದು ನೀರಿನ ಮೇಲೆ ನೀಲಿ ಹಸಿರು ಪೇಂಟ್ ಚೆಲ್ಲಿದ ಹಾಗೆ ಪಾಚಿ ಕಟ್ಟಿದ್ರೆ ಆ ಕಡೆ ನಾಯಿ ಹೋಗದ ಹಾಗೆ ಅಡ್ಡ ಕಟ್ಟಿ, ಕೆಲವು ಪಾಚಿಯ ವಿಷಕ್ಕೆ ಗಂಟೆಗಳಲ್ಲಿ ನಾಯಿ ಸತ್ತಿರೋದುಂಟು. ಈಜುಕೊಳ ಇದ್ರೆ ನಾಯಿ ಹತ್ತಿ ಮೇಲೆ ಬರೋಕೆ ಇಳಿಜಾರು ಬೇಕು, ನಾಯಿಗೆ ಬೀಳೋಕೆ ಗೊತ್ತು, ಕಂಬಿ ಏಣಿ ಹತ್ತೋಕೆ ಗೊತ್ತಿರಲ್ಲ.

ಬಿಸಿಲು ಹೊತ್ತಿನ ಬುಕಿಂಗ್ ಮುಚ್ಚಿಬಿಡಿ, ದುಡ್ಡು ಹೋದ್ರೂ ಪರವಾಗಿಲ್ಲ. ನಾಯಿಗೆ ಮೈ ತಂಪು ಮಾಡ್ಕೊಳ್ಳೋ ಮುಖ್ಯ ದಾರಿ ಅಂದ್ರೆ ನಾಲಿಗೆ ಚಾಚಿ ಏದುಸಿರು ಬಿಡೋದು, ಪಗ್, ಬುಲ್‌ಡಾಗ್ ತರದ ಚಪ್ಪಟೆ ಮೂತಿಯವಕ್ಕೆ ಅದೂ ಸರಿಯಾಗಿ ಆಗಲ್ಲ. ಮಾಮೂಲಿ ಮೈ ಬಿಸಿ 38.3ರಿಂದ 39.2 ಡಿಗ್ರಿ ಸೆಲ್ಸಿಯಸ್, 41 ದಾಟಿದ್ರೆ ಜೀವಕ್ಕೆ ಅಪಾಯ. ನಿಮ್ಮ ಗೇಟಲ್ಲೇ ಒಂದು ಬೋರ್ಡ್ ಹಾಕಿ: ನಾಯಿ ತೂರಾಡ್ತಿದ್ರೆ, ಒಸಡು ಕೆಂಪಾಗಿದ್ರೆ, ಏದುಸಿರು ನಿಲ್ಲದೇ ಇದ್ರೆ ಮೊದಲು ಮೈಗೆ ನೀರು ಸುರಿದು ಗಾಳಿ ಬೀಸಿ, ಆಮೇಲೆ ಡಾಕ್ಟರ್ ಹತ್ರ ಕರ್ಕೊಂಡೋಗಿ. ಪಕ್ಕದಲ್ಲೇ ಹತ್ತಿರದ ಪಶುವೈದ್ಯರ ನಂಬರು, ರಾತ್ರಿ ತೆಗೆದಿರೋ ಆಸ್ಪತ್ರೆ ನಂಬರು.

ಕಾಯಿಲೆ ಹರಡದ ಹಾಗೆ

ನಾಯಿಗಳು ಒಂದನ್ನೊಂದು ನೋಡದೇ ಇದ್ರೂ ಒಂದೇ ಮಣ್ಣು ತುಳೀತವೆ. ವಾಂತಿ, ರಕ್ತಭೇದಿ ತರೋ ಪಾರ್ವೊ ವೈರಸ್ ಮಣ್ಣಲ್ಲಿ ತಿಂಗಳುಗಟ್ಟಲೆ, ನೆರಳು ತೇವ ಇರೋ ಕಡೆ ವರ್ಷದವರೆಗೂ ಉಳೀಬಹುದು. ಸಿಮೆಂಟ್ ನೆಲ ಆದ್ರೆ ತೊಳೆದು, 1 ಪಾಲು ಬ್ಲೀಚ್ 32 ಪಾಲು ನೀರಿಗೆ ಹಾಕಿ ಹತ್ತು ನಿಮಿಷ ಬಿಟ್ರೆ ಸಾಯತ್ತೆ, ಮಣ್ಣು ಹುಲ್ಲಿಗೆ ಆ ದಾರಿ ಇಲ್ಲ. ಹಾಗಾಗಿ ಲಸಿಕೆ ಪುಸ್ತಕದ ಫೋಟೊ ನೋಡದೇ ಯಾರಿಗೂ ಬುಕಿಂಗ್ ಕೊಡಬೇಡಿ: ಪಾರ್ವೊ, ಡಿಸ್ಟೆಂಪರ್, ರೇಬೀಸ್, ಜೊತೆಗೆ ನಿಮ್ಮ ಕಡೆ ಇದ್ರೆ ಲೆಪ್ಟೊ. ಮರಿಗಳ ಕೊನೇ ಡೋಸ್ 16 ವಾರ ತುಂಬಿದ ಮೇಲೆ ಆಗಿರಬೇಕು, ಅದಾಗಿ ಒಂದೆರಡು ವಾರ ಕಳೀಲಿ. ಎಷ್ಟು ಬೇಡ್ಕೊಂಡ್ರೂ, ಎಷ್ಟು ಮುದ್ದಾಗಿದ್ರೂ ಇದರಲ್ಲಿ ಸಡಿಲ ಕೊಡಬೇಡಿ, ಮರಿಗೇ ಅದು ಕೆಟ್ಟದ್ದು. ಭೇದಿ ಆಗ್ತಿರೋದು, ಕೆಮ್ತಿರೋದು, ಬೆದೆಗೆ ಬಂದಿರೋ ಹೆಣ್ಣು ನಾಯಿ, ಇವು ಆಮೇಲೆ ಬರಲಿ.

ಕಕ್ಕ ಬಾಚೋದು ಬರೀ ಗಲೀಜಿನ ಪ್ರಶ್ನೆ ಅಲ್ಲ. ನಾಯಿ ಕರುಳಲ್ಲಿರೋ ದುಂಡುಹುಳದ ಮೊಟ್ಟೆ ಕಕ್ಕದಲ್ಲಿ ಹೊರಬಂದ ದಿನವೇ ಅಂಟಲ್ಲ, ಮಣ್ಣಲ್ಲಿ ಎರಡರಿಂದ ನಾಲ್ಕು ವಾರ ಬಲಿತ ಮೇಲೆ ಅಂಟತ್ತೆ, ಹಾಗಾಗಿ ದಿನಾ ಬಾಚಿದ್ರೆ ಸರಪಳಿ ಅಲ್ಲೇ ಕತ್ತರಿಸಿದ ಹಾಗೆ. ಗೇಟ್ ಹತ್ರ ಚೀಲ, ಮುಚ್ಚಳ ಇರೋ ಡಬ್ಬಿ ಇಡಿ, ಬಂದೋರು ಬಾಚ್ತಾರೆ ಅಂತ ನಂಬಿದ್ರೂ ಸಂಜೆ ನೀವೇ ಒಂದು ಸುತ್ತು ಹಾಕಿ.

ಬುಕಿಂಗ್ ಹೇಗೆ ಜೋಡಿಸೋದು

ಒಂದು ಹೊತ್ತಿಗೆ ಒಂದೇ ಮನೆಯ ನಾಯಿಗಳು. ದುಡ್ಡಾಸೆಗೆ ಇಬ್ಬರು ಅಪರಿಚಿತರನ್ನ ಸೇರಿಸಬೇಡಿ, ಸ್ನೇಹಿತರು ಅವರಾಗೇ ಕೂಡಿ ಬರ್ತೀವಿ ಅಂದ್ರೆ ಸರಿ, ಆದ್ರೆ ಎಷ್ಟು ನಾಯಿ ಅಂತ ಮೊದಲೇ ಹೇಳ್ಬೇಕು. ಎರಡು ಬುಕಿಂಗ್ ನಡುವೆ ಕನಿಷ್ಠ 15 ನಿಮಿಷ, ಸಾಧ್ಯ ಆದ್ರೆ ಅರ್ಧ ಗಂಟೆ ಖಾಲಿ ಬಿಡಿ. ನನ್ನ ಮಟ್ಟಿಗೆ ಇಡೀ ವ್ಯವಸ್ಥೆಲಿ ಅತಿ ಮುಖ್ಯವಾದ್ದು ಈ ಖಾಲಿ ಹೊತ್ತೇ. ಒಬ್ಬರು ಹೊರಡೋದು ತಡ ಆಗಿ, ಇನ್ನೊಬ್ಬರು ಬೇಗ ಬಂದು, ಗೇಟಲ್ಲಿ ಎರಡು ನಾಯಿ ಮೂತಿಗೆ ಮೂತಿ ಎದುರಾದ್ರೆ ಅವರು ನಿಮ್ಮನ್ನ ನಂಬಿ ಬಂದಿದ್ದೇ ವ್ಯರ್ಥ. ಮುಂದಿನೋರು ಹೊತ್ತಾಗೋವರೆಗೂ ಕಾರಲ್ಲೇ ಇರಬೇಕು, ಕಾರು ಎಲ್ಲಿ ನಿಲ್ಲಿಸೋದು ಅಂತ ಫೋಟೊ ಹಾಕಿ ಕಳಿಸಿ, ಒಳಗಿನ ಗೇಟ್ ಮುಚ್ಚೋವರೆಗೂ ಲೀಶ್ ಬಿಚ್ಚಬಾರದು.

ನಿಮ್ಮನೆ ನಾಯಿ, ಬೆಕ್ಕು, ಕೋಳಿ ಆ ಹೊತ್ತಲ್ಲಿ ಒಳಗಿರಲಿ. ನಾಯಿನ ಮಾತಾಡ್ಸೋಕೆ ಅಂತ ನೀವೂ ಹೋಗಬೇಡಿ, ಕೆಲವು ನಾಯಿಗೆ ಅಪರಿಚಿತರು ಬಂದ್ರೇನೇ ಆ ದಿನ ಹಾಳು. ಕ್ಯಾಮೆರಾ ಇದ್ರೆ ಎಲ್ಲಿದೆ ಅಂತ ಹೇಳಿ, ಗೇಟಿಗೆ ಸಾಕು, ಓಡಾಡೋ ಜಾಗಕ್ಕೆ ಬೇಡ.

ತಳಿ ನೋಡಿ ಬೇಡ ಅನ್ನೋದು ನನಗೆ ಸರಿ ಕಾಣಲ್ಲ. ಕಾನೂನು ಅಥವಾ ಇನ್ಶೂರೆನ್ಸ್ ಯಾವುದಾದ್ರೂ ತಳಿನ ತಡೆದಿದ್ರೆ ಪಾಲಿಸಲೇಬೇಕು, ಅದು ಬಿಟ್ರೆ ಒಂದೇ ಮನೆಯ ನಾಯಿ ಒಂಟಿಯಾಗಿ ಬರೋ ಕಡೆ ಅದು ಯಾವ ತಳಿ ಅನ್ನೋದಕ್ಕಿಂತ ಅದು ಬೇಲಿ ಹಾರತ್ತಾ, ತೋಡತ್ತಾ ಅನ್ನೋದು ಕೇಳಿದ್ರೆ ಉಪಯೋಗ. ಗುಂಪಲ್ಲಿ ಬಂದೋರಿಗೆ ಮಾತ್ರ ಹೇಳಿಡಿ: ಜಗಳ ಬಿದ್ರೆ ಬಾಯಿ ಹತ್ರ, ಕೊರಳಪಟ್ಟಿಗೆ ಕೈ ಹಾಕಬೇಡಿ, ನೀರಿನ ಪೈಪ್ ಹಿಡೀರಿ, ಇಲ್ಲಾ ನಡುವೆ ಒಂದು ಹಲಗೆ ತೂರಿಸಿ. ಆ ಹಲಗೆನ ಗೇಟ್ ಪಕ್ಕದಲ್ಲೇ ಇಟ್ಟಿರಿ.

ಜಾಗದ ಬಗ್ಗೆ ಬರೆಯೋವಾಗ ಅಂದಗಾಣಿಸೋಕೆ ಹೋಗಬೇಡಿ. ಉದ್ದ ಅಗಲ ಎಷ್ಟು, ಬೇಲಿ ಎಲ್ಲಿ ಅತಿ ಗಿಡ್ಡ, ಆಚೆ ಏನು ಕಾಣತ್ತೆ, ದನ ಕುರಿ ಹಾದು ಹೋಗ್ತವಾ, ಪಕ್ಕದ ಮನೆಲಿ ನಾಯಿ ಇದೆಯಾ, ಪಟಾಕಿ ಅಥವಾ ಯಂತ್ರದ ಸದ್ದು ಬರತ್ತಾ, ರಾತ್ರಿ ಲೈಟ್ ಇದೆಯಾ. ಒಂದು ಬದಿಗೆ ಬೇಲಿ ಅರ್ಧ ಇದ್ರೆ ‘ಪೂರ್ತಿ ಬೇಲಿ ಇಲ್ಲ’ ಅಂತ ಮೊದಲ ಸಾಲಲ್ಲೇ ಬರೀರಿ, ಕಿವಿ ಕೇಳಿಸದ ನಾಯಿ ಇರೋರು ಅದೊಂದು ಸಾಲು ನೋಡಿ ನಿರ್ಧಾರ ಮಾಡ್ತಾರೆ. ದರ ಇಡೋವಾಗ ನಿಮ್ಮ ಖಾಲಿ ಅರ್ಧ ಗಂಟೆನೂ ಲೆಕ್ಕಕ್ಕೆ ಹಿಡೀರಿ.

ಅಕ್ಕಪಕ್ಕದೋರಿಗೆ ಶುರು ಮಾಡೋಕ್ ಮುಂಚೆ ನೀವೇ ಹೋಗಿ ಹೇಳಿ, ನಿಮ್ಮ ನಂಬರ್ ಕೊಡಿ, ಬೆಳಗ್ಗೆ ತೀರಾ ಬೇಗ, ರಾತ್ರಿ ತಡವಾಗಿ ಇಡಲ್ಲ ಅಂತ ಹೇಳಿ ಹಾಗೇ ನಡ್ಕೊಳ್ಳಿ. ಹುಲ್ಲಿಗೂ ವಾರದಲ್ಲಿ ಒಂದೆರಡು ದಿನ ರಜ ಬೇಕು, ಉಚ್ಚೆ ಹೊಯ್ದ ಕಡೆ ಸಾರಜನಕ ಜಾಸ್ತಿ ಆಗಿ ಸುಟ್ಟು ಹೋಗತ್ತೆ, ಆಗಲೇ ನೀರು ಹಾಕಿದ್ರೆ ಉಳೀತದೆ. ಗೇಟ್ ಮುಂದೆ ಬೇಗ ಕೆಸರಾಗತ್ತೆ, ಅಲ್ಲಿ ಮರದ ಚಕ್ಕೆ ದಪ್ಪಕ್ಕೆ ಹರಡಿ.

ಹೊರಗಿನೋರಿಗೆ ತೆಗೆಯೋಕ್ ಮುಂಚೆ ಪರಿಚಯದೋರನ್ನ ಸುಮ್ನೆ ಕರೀರಿ, ಅವರ ನಾಯಿ ತಪ್ಪಿಸ್ಕೊಳ್ಳೋದ್ರಲ್ಲಿ ಜಾಣ ಆಗಿದ್ರೆ ಇನ್ನೂ ಒಳ್ಳೇದು, ಮೊದಲ ಸಲ ಉದ್ದ ಲೀಶ್ ಹಾಕಿ ಬಿಡಿ, ಅದು ಬೇಲಿಯ ಯಾವ ಮೂಲೆಗೆ ಪದೇ ಪದೇ ಹೋಗತ್ತೆ ನೋಡಿ, ಆ ಮೂಲೆ ಗಟ್ಟಿ ಮಾಡಿ. ಒಂದು ರಿಜಿಸ್ಟರ್ ಇಡಿ, ಯಾವ ದಿನ, ಯಾವ ಹೊತ್ತು, ಯಾವ ನಾಯಿ, ಮಾಲೀಕರ ನಂಬರ್. ಯಾರಾದ್ರೂ ಫೋನ್ ಮಾಡಿ ನಮ್ಮ ನಾಯಿಗೆ ಪಾರ್ವೊ ಬಂದಿದೆ ಅಂದ್ರೆ ಆ ಪುಸ್ತಕ ತೆಗೆದು, ಅವರು ಬಂದ ದಿನದಿಂದ ಈಚೆಗೆ ಬಂದೋರಿಗೆಲ್ಲಾ ಅವತ್ತೇ ಫೋನ್ ಮಾಡಬೇಕು, ಜಾಗ ಮುಚ್ಚಬೇಕು, ಯಾವಾಗ ತೆಗೀಬಹುದು ಅಂತ ಪಶುವೈದ್ಯರನ್ನ ಕೇಳಬೇಕು.